ಸರ್ಪಗಂಧಿಯಿಂದ ಸಿರೊಟೋನಿನ್‌ವರೆಗೆ: ಖಿನ್ನತೆಯ ಕಾರಣಗಳ ಹುಡುಕಾಟ

ಖಿನ್ನತೆಯ ಕಾರಣವನ್ನು ಮಿದುಳಿನ ರಾಸಾಯನಿಕಗಳಲ್ಲಿ ಹುಡುಕಲು ಪ್ರೇರಣೆ ದೊರೆತದ್ದು ಬೇರೆ ರೋಗಗಳ ಔಷಧಿಗಳಿಂದ. ಅವುಗಳಲ್ಲೊಂದರ ಮೂಲ ಭಾರತದ ಸರ್ಪಗಂಧಿ. ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ ಅವರು ಅಧಿಕ ರಕ್ತದೊತ್ತಡಕ್ಕೆ ಈ ಗಿಡದ ಬೇರು ಉಪಯುಕ್ತವೆಂದು 1949ರಲ್ಲಿ 'ಬ್ರಿಟಿಷ್ ಹಾರ್ಟ್ ಜರ್ನಲ್'ನಲ್ಲಿ ವರದಿ ಮಾಡಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಬೇರಿನಿಂದ ರಿಸರ್ಪಿನ್ ಎಂಬ ಆಲ್ಕಲಾಯ್ಡನ್ನು ಬೇರ್ಪಡಿಸಿದರು. ಅದನ್ನು ಸೇವಿಸಿದ ಕೆಲವರು ಖಿನ್ನರಾದರೆಂಬ ವರದಿಗಳು ಬರತೊಡಗಿದವು. ರಿಸರ್ಪಿನ್ ಮಿದುಳಿನ ಸಿರೊಟೋನಿನ್ ದಾಸ್ತಾನನ್ನು ಬರಿದು ಮಾಡುತ್ತದೆಂದು ಅಮೆರಿಕದ ಬರ್ನಾರ್ಡ್ ಬ್ರೋಡಿ ಅವರ ತಂಡವು 1955-56ರಲ್ಲಿ ಪ್ರಾಣಿಗಳಲ್ಲಿ ತೋರಿಸಿತು.

ಇದಕ್ಕೆ ವಿರುದ್ಧವಾದುದು ಐಪ್ರೋನಿಯಜಿಡ್. ಕ್ಷಯಕ್ಕೆ ನೀಡಿದ ಈ ಔಷಧಿ ರೋಗಿಗಳಲ್ಲಿ ಉಲ್ಲಾಸ ತಂದಿತು. ಸಿರೊಟೋನಿನ್, ನಾರ್‌ಅಡ್ರಿನಲಿನ್ ಮುಂತಾದ ಮೊನೊಅಮೀನ್‌ಗಳನ್ನು ವಿಭಜಿಸುವ ಕಿಣ್ವವನ್ನು ಅದು ತಡೆಯುತ್ತದೆ. ಎರಡನ್ನೂ ಜೋಡಿಸಿದಾಗ 'ಮೊನೊಅಮೀನ್ ಕೊರತೆಯೇ ಖಿನ್ನತೆ' ಎಂಬ ಊಹೆ ಹುಟ್ಟಿತು. 1965ರಲ್ಲಿ ಜೋಸೆಫ್ ಶಿಲ್ಡ್‌ಕ್ರಾಟ್ ನಾರ್‌ಅಡ್ರಿನಲಿನ್‌ಗೆ ಒತ್ತು ಕೊಟ್ಟರೆ, 1967ರಲ್ಲಿ ಅಲೆಕ್ ಕೊಪೆನ್ ಸಿರೊಟೋನಿನ್‌ಗೆ ಕೊಟ್ಟರು.

ಊಹೆ ಸರಳವಾಗಿತ್ತು, ಪುರಾವೆ ಹಾಗಿರಲಿಲ್ಲ. 1955ರಲ್ಲೇ ಲಂಡನ್ನಿನ ಡೇವಿಸ್ ಮತ್ತು ಶೆಪರ್ಡ್ ನಡೆಸಿದ ಪ್ರಯೋಗದಲ್ಲಿ, ರಿಸರ್ಪಿನ್ ಪಡೆದ ಆತಂಕ-ಖಿನ್ನತೆಯ ರೋಗಿಗಳು ಸುಧಾರಿಸಿದ್ದರು! ಖಿನ್ನತೆಯ ಔಷಧಿಗಳು ಮೊನೊಅಮೀನ್‌ಗಳ ಮೇಲೆ ಕೆಲವೇ ಗಂಟೆಗಳಲ್ಲಿ ಪ್ರಭಾವ ಬೀರಿದರೂ ಮನಃಸ್ಥಿತಿ ತಿಳಿಯಾಗಲು ವಾರಗಳೇ ಬೇಕು. ಪ್ಯಾರಾಸಿಟಮಾಲ್‌ನಿಂದ ಜ್ವರ ಇಳಿಯಿತೆಂದ ಮಾತ್ರಕ್ಕೆ ಅದರ ಕೊರತೆಯೇ ಜ್ವರಕ್ಕೆ ಕಾರಣವೆನ್ನಲಾಗದು. ಔಷಧಿಯ ಉಪಯುಕ್ತತೆ ಬೇರೆ, ರೋಗದ ಕಾರಣ ಬೇರೆ.

ಹಾಗಾದರೆ ಕೆಲವರೇ ಏಕೆ ಖಿನ್ನರಾಗುತ್ತಾರೆ? ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ ಲಂಡನ್ನಿನ ಕ್ಯಾಂಬರ್‌ವೆಲ್‌ನ ಮಹಿಳೆಯರನ್ನು ಅಧ್ಯಯನ ಮಾಡಿ 1978ರಲ್ಲಿ ಉತ್ತರವೊಂದನ್ನು ಮುಂದಿಟ್ಟರು. ಕಷ್ಟ ಬಂದವರೆಲ್ಲ ಖಿನ್ನರಾಗಲಿಲ್ಲ. ಮನಬಿಚ್ಚಿ ಮಾತಾಡಲು ಆಪ್ತರಿಲ್ಲದಿರುವುದು, 11 ವರ್ಷಕ್ಕೆ ಮೊದಲೇ ತಾಯಿಯನ್ನು ಕಳೆದುಕೊಂಡಿರುವುದು, ಮನೆಯಲ್ಲಿ ಮೂರು ಅಥವಾ ಹೆಚ್ಚು ಚಿಕ್ಕ ಮಕ್ಕಳಿರುವುದು, ಹೊರಗೆ ಉದ್ಯೋಗವಿಲ್ಲದಿರುವುದು - ಇವು ಅಪಾಯವನ್ನು ಹೆಚ್ಚಿಸಿದ್ದವು.

ಆನುವಂಶಿಕತೆಯ ಪಾತ್ರವೂ ಇದೆ. ಅವಳಿಗಳ ಅಧ್ಯಯನಗಳ ಪ್ರಕಾರ, ಜನರ ನಡುವೆ ಈ ಅಪಾಯದಲ್ಲಿ ಕಾಣುವ ವ್ಯತ್ಯಾಸದ ಸುಮಾರು 37% ಭಾಗಕ್ಕೆ ಜೀನ್‌ಗಳು ಕಾರಣ. ಸಿರೊಟೋನಿನ್ ಸಾಗಣೆಯ ಜೀನ್‌ನ ಒಂದು ರೂಪವುಳ್ಳವರು ಒತ್ತಡಕ್ಕೆ ಬೇಗ ಮಣಿಯುತ್ತಾರೆಂದು 2003ರಲ್ಲಿ ನ್ಯೂಜಿಲೆಂಡಿನ ಡನೀಡಿನ್ ಅಧ್ಯಯನ ಹೇಳಿತು. 2019ರ ಬೃಹತ್ ವಿಶ್ಲೇಷಣೆಯಲ್ಲಿ ಅದಕ್ಕೆ ಬೆಂಬಲ ಸಿಗಲಿಲ್ಲ. ಒಂದೇ ಜೀನ್ ಅಲ್ಲ, ಅಲ್ಪ ಪ್ರಭಾವದ ಅನೇಕ ಜೀನ್‌ಗಳು ಬದುಕಿನ ಅನುಭವಗಳೊಡನೆ ಸೇರಿ ಅಪಾಯವನ್ನು ರೂಪಿಸುತ್ತವೆ ಎಂಬುದು ಇಂದಿನ ತಿಳಿವಳಿಕೆ.

ಆದ್ದರಿಂದ ಮಂಕಾಗಿ ಕೂತ ವಿದ್ಯಾರ್ಥಿಗೆ 'ಮನಸ್ಸು ಗಟ್ಟಿ ಮಾಡಿಕೋ' ಎಂದರೆ ಸಾಲದು. ಖಿನ್ನತೆ ಮನೋದೌರ್ಬಲ್ಯವಲ್ಲ, ಚಿಕಿತ್ಸೆಯುಳ್ಳ ಕಾಯಿಲೆ. ಮೊದಲು ಕಿವಿಗೊಟ್ಟು ಕೇಳುವ ಒಬ್ಬರು ಬೇಕು; ಬಳಿಕ ವೈದ್ಯರು.