ಗುರುತುಪತ್ರಗಳಲ್ಲಿ ಲಿಂಗನಿರ್ದೇಶ

ಮನುಷ್ಯರ ಗುರುತುಪತ್ರದಲ್ಲಿ ಹೆಸರು, ಜನ್ಮದಿನಗಳೊಡನೆ ಲಿಂಗವನ್ನೂ ಬರೆಯತಕ್ಕದ್ದೇ ಎಂಬ ಪ್ರಶ್ನೆಯು ಈಚಿನದೆಂದು ತೋರಿದರೂ ನಮ್ಮ ದೇಶದಲ್ಲಿ ಇದಕ್ಕೆ ನೂರೈವತ್ತು ವರ್ಷಗಳಿಗೂ ಮೀರಿದ ಇತಿಹಾಸವುಂಟು. ಅದನ್ನು ಸಂಕ್ಷೇಪವಾಗಿ ವಿಮರ್ಶಿಸುವುದೇ ಈ ಲೇಖನದ ಉದ್ದೇಶವು.

ಮೊದಲು ಶಬ್ದವಿಚಾರ. ಸಂಸ್ಕೃತದಲ್ಲಿ ಹೆಂಡತಿಯೆಂಬ ಒಂದೇ ಅರ್ಥದಲ್ಲಿ ದಾರಶಬ್ದವು ಪುಲ್ಲಿಂಗವು, ಭಾರ್ಯಾಶಬ್ದವು ಸ್ತ್ರೀಲಿಂಗವು, ಕಲತ್ರಶಬ್ದವು ನಪುಂಸಕವು. ದೇಹಲಕ್ಷಣದಿಂದಲೇ ಲಿಂಗನಿರ್ಣಯವೆಂಬ ಮತವನ್ನು ಪತಂಜಲಿಯು ಮಹಾಭಾಷ್ಯದಲ್ಲಿ ಪರೀಕ್ಷಿಸಿ, ಶಬ್ದಶಾಸ್ತ್ರಕ್ಕೆ ಅದು ಸಾಲದೆಂದು ತೋರಿಸಿರುವನು. ಶಬ್ದದ ನ್ಯಾಯವನ್ನು ಮನುಷ್ಯರಿಗೆ ಹಾಗೆಯೇ ಅನ್ವಯಿಸಲಾಗದು. ಆದರೆ ಲಿಂಗವೆಂದರೆ ಚಿಹ್ನೆಯೆಂಬ ಮೂಲಾರ್ಥವನ್ನು ಮರೆಯಲಾಗದು. ಆ ಚಿಹ್ನೆಯನ್ನು ಬರೆಯುವವರು ಯಾರು, ಯಾವ ಪ್ರಯೋಜನಕ್ಕಾಗಿ, ಎಂಬುದೇ ಇಲ್ಲಿ ವಿಚಾರಣೀಯವು.

1871 ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಎರಡನೆಯ ಭಾಗವು, 'ಯೂನಕ್' ಎಂದು ತಾನು ಕರೆದವರಲ್ಲಿ ಶಂಕಿತರಾದವರ ಹೆಸರು ಮತ್ತು ನಿವಾಸಗಳನ್ನು ಪಟ್ಟಿಯಲ್ಲಿ ಬರೆದಿಡುವಂತೆ ವಿಧಿಸಿತು. ಪಟ್ಟಿಗೆ ಸೇರಿದವರು ಹೆಣ್ಣುಡುಗೆಯಿಂದ ಬೀದಿಯಲ್ಲಿ ಕಾಣಿಸಿಕೊಂಡರೆ ಎರಡು ವರ್ಷಗಳವರೆಗೆ ಸೆರೆವಾಸವು. ದತ್ತು ಸ್ವೀಕಾರಕ್ಕಾಗಲಿ, ಮರಣಶಾಸನಕ್ಕಾಗಲಿ ಅವರಿಗೆ ಅಧಿಕಾರವಿರಲಿಲ್ಲ. ಇಲ್ಲಿ ಬರೆದವನು ಅಧಿಕಾರಿ, ಪ್ರಯೋಜನವು ಕಾವಲು. 2011 ರಲ್ಲಿ ಕರ್ನಾಟಕ ಪೊಲೀಸ್ ಅಧಿನಿಯಮಕ್ಕೆ ಸೇರಿದ 36-ಎ ಪ್ರಕರಣವೂ ಇಂತಹುದೇ ಪಟ್ಟಿಗೆ ಅವಕಾಶವಿತ್ತುದು ಖೇದಕರವು.

ಅದೇ 2011 ರ ಜನಗಣತಿಯಲ್ಲಿ 'ಇತರ' ಎಂಬ ಅಂಕಣದಲ್ಲಿ 4,87,803 ಮಂದಿ ಎಣಿಸಲ್ಪಟ್ಟರು. 2014 ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಾಲ್ಸಾ ಪ್ರಕರಣದ ತೀರ್ಪಿನಲ್ಲಿ ತೃತೀಯಲಿಂಗವನ್ನು ಅಂಗೀಕರಿಸಿ, ತನ್ನ ಲಿಂಗವನ್ನು ಹೇಳಿಕೊಳ್ಳುವುದು ಆಯಾ ವ್ಯಕ್ತಿಯ ಹಕ್ಕೆಂದಿತು. 2019 ರ ಅಧಿನಿಯಮವಾದರೋ ಜಿಲ್ಲಾಧಿಕಾರಿಯ ಪ್ರಮಾಣಪತ್ರವನ್ನು ವಿಧಿಸಿತು. ಗಂಡು ಅಥವಾ ಹೆಣ್ಣೆಂದು ಬರೆಯಿಸಿಕೊಳ್ಳಲು ಶಸ್ತ್ರಚಿಕಿತ್ಸೆಯನ್ನೂ ಅಪೇಕ್ಷಿಸಿತು. ಸ್ವವಚನವೇ ಪ್ರಮಾಣವೆಂಬ ಪಕ್ಷವು ಹೀಗೆ ಮತ್ತೆ ಪರಪ್ರಮಾಣಕ್ಕೆ ಅಧೀನವಾಯಿತು.

ಹಾಗಾದರೆ ಲಿಂಗನಿರ್ದೇಶವನ್ನೇ ಬಿಟ್ಟುಬಿಡಬಾರದೇಕೆ ಎಂಬುದು ಪೂರ್ವಪಕ್ಷವು. ಆದಾಯ ತೆರಿಗೆಯ ಪ್ಯಾನ್ ಚೀಟಿಯ ಮೇಲೆ ಲಿಂಗವು ಬರೆಯಲ್ಪಡದಿದ್ದರೂ ವ್ಯವಹಾರವು ಕೆಟ್ಟಿಲ್ಲ. ಆಧಾರದಲ್ಲಿ ಬೆರಳಚ್ಚು, ಕಣ್ಣುಗಳೇ ಮನುಷ್ಯನನ್ನು ನಿಶ್ಚಯಿಸುವುವು. ಇದು ಯುಕ್ತವೇ. ಆದರೆ ಎಲ್ಲಿಯೂ ಬರೆಯದಿದ್ದರೆ, 2021 ರಲ್ಲಿ ಕರ್ನಾಟಕ ಸರ್ಕಾರವು ಉದ್ಯೋಗಗಳಲ್ಲಿ ತೃತೀಯಲಿಂಗಿಗಳಿಗೆ ಇತ್ತ ಶೇಕಡಾ 1 ರ ಮೀಸಲಾತಿಯನ್ನು ಯಾರಿಗೆ ಸಲ್ಲಿಸುವುದು? ಎಣಿಕೆಗೆ ಬಾರದವರಿಗೆ ಪಾಲೂ ಬಾರದು.

ಆದುದರಿಂದ ದಫ್ತರವನ್ನೂ ಚೀಟಿಯನ್ನೂ ವಿಂಗಡಿಸುವುದು ಉಚಿತವು. ದಫ್ತರದಲ್ಲಿ, ಹಕ್ಕಿನ ಪ್ರಯೋಜನಕ್ಕಾಗಿ, ಆ ವ್ಯಕ್ತಿಯ ಮಾತಿನಂತೆಯೇ ಬರೆದಿರಲಿ. ಕಂಡಕಂಡವರಿಗೆಲ್ಲ ತೋರಿಸಬೇಕಾದ ಚೀಟಿಯ ಮೇಲೆ ಆ ಅಕ್ಷರವು ಅನಾವಶ್ಯಕವು. ಮುಖವೊಂದು, ಅಕ್ಷರವೊಂದು ಆದಾಗ ಅವಮಾನಪಡುವವರು ಚೀಟಿ ಹಿಡಿದವರೇ ಹೊರತು ಬರೆದವರಲ್ಲ. 1871 ರ ಪಟ್ಟಿಯು ಕಲಿಸುವ ಪಾಠವು ಇದೇ ಎಂದು ನಮ್ಮ ಅಭಿಪ್ರಾಯವು. ದೋಷವಿದ್ದಲ್ಲಿ ವಿದ್ವಾಂಸರು ತಿದ್ದುವರಾಗಲಿ.