ಹುಂಜದ ಕಾಲಿನ ಮುಳ್ಳು ಉದ್ದ ಬೆಳೆದಿದ್ಯಾ? ಕತ್ತರಿಸೋ ಮುಂಚೆ ಇಷ್ಟು ತಿಳಿದಿರಲಿ

ಮನೆಯಲ್ಲಿ ಸಾಕಿದ ಹುಂಜಕ್ಕೆ ಎರಡು-ಮೂರು ವರ್ಷ ತುಂಬುವಷ್ಟರಲ್ಲಿ ಕಾಲಿನ ಮುಳ್ಳು ಉದ್ದ ಬೆಳೆದು ಕೊಕ್ಕೆಯಂತೆ ಬಾಗುವುದುಂಟು. "ಉಗುರು ತಾನೇ, ಒಂದೇ ಏಟಿಗೆ ತೆಗೆದರಾಯ್ತು" ಅಂತ ಕಟಿಂಗ್ ಪ್ಲೇಯರ್ ಹಿಡಿದು ಕೂರುವವರಿದ್ದಾರೆ. ಎಡವಟ್ಟಾಗೋದು ಅಲ್ಲೇ. ಮುಳ್ಳಿನ ಒಳಗೆ ಜೀವಂತ ಮೂಳೆ ಇರುತ್ತದೆ. ಬುಡಕ್ಕೆ ಕತ್ತರಿಸಿದರೆ ರಕ್ತ ಸುರಿಯುತ್ತದೆ, ನಂಜಾಗಿ ಕೋಳಿ ಸಾಯಲೂಬಹುದು.

ಮುಳ್ಳು ಅಂದ್ರೆ ಏನು?

ಇದು ಹಿಂಬೆರಳಲ್ಲ. ಅದಕ್ಕಿಂತ ಮೇಲೆ, ಕಾಲಿನ ಒಳಬದಿಯ ಹಿಂಭಾಗದಲ್ಲಿ ಬೆಳೆಯುವ ಕೊಂಬಿನಂಥ ಭಾಗ. ಮರಿಯಲ್ಲಿ ಸಣ್ಣ ಗಂಟಿನಂತೆ ಶುರುವಾಗಿ, ಹುಂಜ ಬಲಿತಂತೆ ಗಟ್ಟಿಯಾಗುತ್ತದೆ. ಹೊರಗಿನ ಕವಚ ನಮ್ಮ ಉಗುರಿನಂಥದ್ದೇ, ಅದಕ್ಕೆ ನೋವಿಲ್ಲ. ಒಳಗಿನ ತಿರುಳು ಕಾಲಿನ ಮೂಳೆಗೇ ಅಂಟಿಕೊಂಡಿದ್ದು, ಅಲ್ಲಿ ರಕ್ತನಾಳ, ನರ ಎರಡೂ ಇವೆ. ನೆಲ ಕೆದಕುವಾಗ ಬೆರಳಿನ ಉಗುರು ಸವೆಯುತ್ತದೆ. ಮುಳ್ಳು ನೆಲಕ್ಕೆ ತಾಗಲ್ಲ, ಹಾಗಾಗಿ ಸವೆಯೋದೂ ಕಡಿಮೆ. ವಯಸ್ಸಾದ ಕೆಲವು ಹೇಂಟೆಗಳಿಗೂ ಚಿಕ್ಕ ಮುಳ್ಳು ಬರುತ್ತದೆ, ಅದು ರೋಗವಲ್ಲ.

ಯಾವಾಗ ಕತ್ತರಿಸಬೇಕು?

• ಮುಳ್ಳು ಒಳಕ್ಕೆ ಬಾಗಿ ಕಾಲಿನ ಚರ್ಮಕ್ಕೆ ಚುಚ್ಚುತ್ತಿದ್ದರೆ
• ಒಂದು ಮುಳ್ಳು ಇನ್ನೊಂದು ಕಾಲಿಗೆ ತಾಗಿ ಹುಂಜ ಕಾಲಗಲಿಸಿ ಅಥವಾ ಕುಂಟುತ್ತಾ ನಡೆಯುತ್ತಿದ್ದರೆ
• ಹೇಂಟೆಗಳ ಬೆನ್ನು, ಪಕ್ಕೆಯಲ್ಲಿ ಗರಿ ಉದುರಿ ಗಾಯ ಕಾಣಿಸಿದರೆ (ಗಿರಿರಾಜದಂಥ ತೂಕದ ಹುಂಜಗಳಿದ್ದಲ್ಲಿ ಹೆಚ್ಚು ಗಮನಿಸಿ)
• ಮನೆಯಲ್ಲಿ ಚಿಕ್ಕ ಮಕ್ಕಳಿದ್ದು, ತುದಿ ಸೂಜಿಯಂತೆ ಚೂಪಾಗಿದ್ದರೆ

ಇದ್ಯಾವುದೂ ಇಲ್ಲದಿದ್ದರೆ ಮುಟ್ಟದಿರುವುದೇ ಒಳ್ಳೇದು. ಬೆಕ್ಕು, ಮುಂಗುಸಿ ಬಂದಾಗ ಹುಂಜದ ಆಯುಧ ಅದೇ.

ಮಾಡುವ ಕ್ರಮ

1. ಕತ್ತಲಾದ ಮೇಲೆ, ಕೋಳಿ ಗೂಡು ಸೇರಿದ ನಂತರ ಹಿಡಿಯಿರಿ. ಆಗ ಗಲಾಟೆ ಕಡಿಮೆ. ಇಬ್ಬರು ಬೇಕೇ ಬೇಕು.
2. ಹಳೆ ಟವೆಲ್‌ನಲ್ಲಿ ರೆಕ್ಕೆ ಸೇರಿಸಿ ಸುತ್ತಿ, ಕಾಲು ಮಾತ್ರ ಹೊರಗಿಡಿ. ಎದೆಯನ್ನು ಒತ್ತಬೇಡಿ. ಎದೆ ಆಡಿದರೆ ಮಾತ್ರ ಕೋಳಿಗೆ ಉಸಿರಾಟ. ತಲೆಕೆಳಗಾಗಿ ನೇತುಹಾಕಲೂಬೇಡಿ.
3. ಮುಳ್ಳಿನ ಹಿಂದಿನಿಂದ ಟಾರ್ಚ್ ಬಿಡಿ. ತಿಳಿ ಬಣ್ಣದ ಮುಳ್ಳಾದರೆ ಒಳಗಿನ ತಿರುಳಿನ ನೆರಳು ಕಾಣಬಹುದು. ಕಡಕ್‌ನಾಥ್‌ನಂಥ ಕಪ್ಪು ಕಾಲಿನ ಕೋಳಿಯಲ್ಲಿ ಕಾಣಲ್ಲ, ಅಲ್ಲಿ ಇನ್ನೂ ಎಚ್ಚರ ಬೇಕು.
4. ನಾಯಿ ಉಗುರು ಕತ್ತರಿಸುವ ಕಟರ್‌ನಿಂದ ತುದಿಯ 2-3 ಮಿ.ಮೀ. ಮಾತ್ರ ತೆಗೆಯಿರಿ. ಕಟರ್ ಇಲ್ಲದಿದ್ದರೆ ಅರದಿಂದ ಅಥವಾ ಹಾರ್ಡ್‌ವೇರ್ ಅಂಗಡಿಯ ಉಪ್ಪುಕಾಗದದಿಂದ ಉಜ್ಜಿ ಮೊಂಡು ಮಾಡಿದರೂ ಸಾಕು.
5. ಇನ್ನೂ ಉದ್ದ ಇದೆ ಅನ್ನಿಸಿದರೆ ಕೆಲವು ವಾರ ಬಿಟ್ಟು ಮತ್ತೆ ಸ್ವಲ್ಪ ತೆಗೆಯಿರಿ. ಒಂದೇ ದಿನ ಮುಗಿಸುವ ಆತುರ ಬೇಡ.

ರಕ್ತ ಬಂದರೆ

ಪಟಿಕದ ಪುಡಿ ಅಥವಾ ಕಾರ್ನ್‌ಫ್ಲೋರ್ ಹಚ್ಚಿ, ಶುದ್ಧ ಬಟ್ಟೆಯಿಂದ ಕೆಲ ನಿಮಿಷ ಒತ್ತಿ ಹಿಡಿಯಿರಿ. ನಿಂತ ಮೇಲೆ ಪೊವಿಡೋನ್ ಅಯೋಡಿನ್ ಹಚ್ಚಿ, ಗಾಯ ಒಣಗುವವರೆಗೆ ಬೇರೆ ಗೂಡಿನಲ್ಲಿಡಿ. ರಕ್ತ ಕಂಡರೆ ಉಳಿದ ಕೋಳಿಗಳು ಕುಕ್ಕಿ ಕುಕ್ಕಿ ಗಾಯ ದೊಡ್ಡದು ಮಾಡುತ್ತವೆ. ರಕ್ತ ನಿಲ್ಲದಿದ್ದರೆ, ಕಾಲು ಊದಿದರೆ, ಮುಳ್ಳು ಈಗಾಗಲೇ ಚರ್ಮದೊಳಗೆ ಇಳಿದಿದ್ದರೆ ಮನೆಯಲ್ಲಿ ಪ್ರಯತ್ನಿಸಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ ಕೇಳಿ.

ಇವನ್ನು ಮಾಡಬೇಡಿ

ಬಿಸಿ ಆಲೂಗಡ್ಡೆ ಚುಚ್ಚಿಟ್ಟು, ಕವಚ ಸಡಿಲವಾದ ಮೇಲೆ ತಿರುಚಿ ಕೀಳುವ ಉಪಾಯವೊಂದು ವಿಡಿಯೊಗಳಲ್ಲಿ ಓಡಾಡುತ್ತಿದೆ. ಕವಚ ಬರೋದೇನೋ ನಿಜ. ಆದರೆ ಕಾಲು ಸುಡುವ ಅಪಾಯವಿದೆ, ಜೊತೆಗೆ ಒಳಗಿನ ಹಸಿ ತಿರುಳು ಬಯಲಾಗಿ ನೋವು, ನಂಜು ತಗಲುತ್ತದೆ. ಬುಡಕ್ಕೆ ದಾರ ಬಿಗಿದು ಬೀಳಿಸುವುದೂ ಅಷ್ಟೇ ಕ್ರೂರ.

ಮನುಷ್ಯರಿಗೆ ಚುಚ್ಚಿದರೆ

ಗಾಯ ಚಿಕ್ಕದಾಗಿ ಕಂಡರೂ ಆಳವಾಗಿರುತ್ತದೆ, ಮುಳ್ಳಿಗೆ ಹಿಕ್ಕೆ-ಮಣ್ಣು ಮೆತ್ತಿರುತ್ತದೆ. ಹರಿಯುವ ನೀರಿನಲ್ಲಿ ಸೋಪು ಹಾಕಿ ಚೆನ್ನಾಗಿ ತೊಳೆದು, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಕೇಳಿ. ರೇಬಿಸ್ ಕೋಳಿಯಿಂದ ಬರಲ್ಲ, ಅದು ಸಸ್ತನಿಗಳ ರೋಗ. ಮಕ್ಕಳ ಕಣ್ಣಿನ ಬಳಿ ತಾಗಿದ್ದರೆ ಮನೆಮದ್ದು ಬೇಡ, ತಕ್ಷಣ ವೈದ್ಯರ ಬಳಿ ಕರೆದೊಯ್ಯಿರಿ.

ಮುಳ್ಳು ಮೊಂಡಾದರೆ ಗಾಯ ಕಡಿಮೆಯಾಗುತ್ತದೆ, ಹುಂಜದ ಸಿಟ್ಟು ಕಡಿಮೆಯಾಗಲ್ಲ. ಮೈಮೇಲೆ ಎಗರುವ ಹುಂಜವಿದ್ದರೆ ಮಕ್ಕಳು ಓಡಾಡುವ ಹೊತ್ತಿನಲ್ಲಿ ಅದನ್ನು ಗೂಡಿನಲ್ಲೇ ಇಡಿ. ಮುಳ್ಳು ಚೂಪು ಮಾಡಿ ಅಥವಾ ಕತ್ತಿ ಕಟ್ಟಿ ಕಾದಾಡಿಸುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಡಿ ಅಪರಾಧ. ಎರಡು-ಮೂರು ತಿಂಗಳಿಗೊಮ್ಮೆ ಕಾಲು ನೋಡುವ ಅಭ್ಯಾಸವಿದ್ದರೆ ಅರದಿಂದ ಉಜ್ಜುವುದರಲ್ಲೇ ಕೆಲಸ ಮುಗಿಯುತ್ತದೆ, ಕತ್ತರಿ ಬೇಕಾಗೋದೇ ಅಪರೂಪ.