ಹತ್ತು ಮೀನು, ತೊಂಬತ್ತಾರು ಗಂಟೆ

ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯ ಹೊಲ, ಕೆರೆ, ಮಗ್ಗಗಳ ವಿವರ ಬರೆದುಕೊಳ್ಳುತ್ತ ತಿರುಗಿದ ಫ್ರಾನ್ಸಿಸ್ ಬುಕನನ್ ಕನ್ನಡ ಓದುಗರಿಗೆ ಹೊಸಬನಲ್ಲ. ಮುಂದೆ ತಾಯಿಯ ಮನೆತನದ ಹ್ಯಾಮಿಲ್ಟನ್ ಎಂಬ ಹೆಸರು ಹೊತ್ತ ಆತ, 1822ರಲ್ಲಿ ಗಂಗೆ ಮತ್ತದರ ಕವಲುಗಳ ಮೀನುಗಳ ಮೇಲೆ ಪುಸ್ತಕ ತಂದ. ಅದರಲ್ಲೊಂದು ಬೆರಳುದ್ದವೂ ಇಲ್ಲದ ಪಟ್ಟೆ ಮೀನು. ಇಂದು ಪ್ರಪಂಚದ ಪ್ರಯೋಗಾಲಯಗಳು ಸಾಕುವ ಜೀಬ್ರಾ ಮೀನು ಅದೇ. 2001ರಲ್ಲಿ ಭಾರತೀಯ ಮಾನಕ ಬ್ಯೂರೋ ಕಾರ್ಖಾನೆ ನೀರಿನ ವಿಷ ಅಳೆಯುವ ವಿಧಾನವೊಂದಕ್ಕೆ ಈ ಮೀನನ್ನೇ ಆರಿಸಿತು.

ಮೀನು ನಮ್ಮ ಕಾನೂನಿಗೆ ಬಂದದ್ದು ಅದಕ್ಕೂ ಮೊದಲು. 1986ರ ಪರಿಸರ ಸಂರಕ್ಷಣಾ ನಿಯಮಗಳಿಗೆ 1993ರಲ್ಲಿ ಸೇರಿದ ಸಾಮಾನ್ಯ ಮಾನದಂಡಗಳಲ್ಲಿ ಒಂದು ಸಾಲಿದೆ: ಹೊರಬಿಡುವ ನೀರಿಗೆ ಬೇರೇನೂ ಬೆರೆಸದೆ ಮೀನು ಬಿಟ್ಟರೆ, 96 ಗಂಟೆಗಳ ನಂತರ ಶೇ. 90ರಷ್ಟು ಬದುಕಿರಬೇಕು. ಹತ್ತು ಮೀನಿದ್ದರೆ ಒಂಬತ್ತು. ಆ ಪಟ್ಟಿಯ ಉಳಿದ ಸಾಲುಗಳೆಲ್ಲ ನೀರಿನಲ್ಲಿ ಏನೆಷ್ಟಿದೆ ಎಂದು ಕೇಳುತ್ತವೆ. ಅದರಲ್ಲಿ ಬದುಕಬಹುದೇ ಎಂದು ಕೇಳುವುದು ಇದೊಂದೇ.

ಕೊಳಚೆ ಶುದ್ಧೀಕರಣದ ಲೆಕ್ಕ ಮಾತ್ರ ಬಿಒಡಿ ಎಂಬ ಅಂಕಿಯ ಸುತ್ತಲೇ ತಿರುಗುತ್ತದೆ. ನೀರಿನಲ್ಲಿರುವ ಕಶ್ಮಲವನ್ನು ತಿನ್ನಲು ಸೂಕ್ಷ್ಮಾಣುಗಳು ಎಷ್ಟು ಆಮ್ಲಜನಕ ಬಳಸುತ್ತವೆ ಎಂಬುದರ ಅಳತೆ ಇದು. ವಿಚಿತ್ರವೆಂದರೆ, ನೀರಿನಲ್ಲಿ ವಿಷವಿದ್ದರೆ ಬಾಟಲಿಯೊಳಗಿನ ಸೂಕ್ಷ್ಮಾಣುಗಳೇ ಸೊರಗಿ, ಅಂಕಿ ಇನ್ನೂ ಚೆಂದ ಕಾಣುತ್ತದೆ! ಈ ಅಳತೆಯ ಬೇರು ಬ್ರಿಟನ್ನಿನಲ್ಲಿದೆ. ಅಲ್ಲಿನ ಕೊಳಚೆ ವಿಲೇವಾರಿಯ ರಾಯಲ್ ಕಮಿಷನ್ 1912ರಲ್ಲಿ ಲೀಟರಿಗೆ 20 ಮಿಲಿಗ್ರಾಂ ಬಿಒಡಿ ಎಂಬ ಮಿತಿ ಸೂಚಿಸಿತು. ಜೊತೆಗೊಂದು ಷರತ್ತೂ ಇತ್ತು: ಆ ನೀರು ಸೇರುವ ಹೊಳೆಯಲ್ಲಿ ಕನಿಷ್ಠ ಎಂಟು ಪಟ್ಟು ಶುದ್ಧ ನೀರಿರಬೇಕು.

ದೆಹಲಿಯಲ್ಲಿ ಆ ಎಂಟು ಪಟ್ಟು ಎಲ್ಲಿಂದ ತರುವುದು? ವಜೀರಾಬಾದ್ ಬ್ಯಾರೇಜಿನಲ್ಲಿ ಕುಡಿಯುವ ನೀರೆತ್ತಿಕೊಂಡ ಮೇಲೆ, ಮಳೆಗಾಲ ಬಿಟ್ಟರೆ ಯಮುನೆಯಲ್ಲಿ ಕೆಳಕ್ಕೆ ಹೋಗಲು ಹೆಚ್ಚೇನೂ ಉಳಿಯುವುದಿಲ್ಲ. ಸ್ವಲ್ಪ ಕೆಳಗೆ ನಜಫ್‌ಗಢ ನಾಲೆ ಬಂದು ಕೂಡುತ್ತದೆ. ಒಂದು ಕಾಲಕ್ಕೆ ಅದು ಸಾಹಿಬಿ ಎಂಬ ಹೊಳೆ. ಅಲ್ಲಿಂದ ಓಖ್ಲಾವರೆಗೆ ಸುಮಾರು 22 ಕಿ.ಮೀ. ಹರಿಯುವುದು ಬಹುಪಾಲು ನಗರದ ನೀರೇ, ಶುದ್ಧೀಕರಿಸಿದ್ದೂ ಶುದ್ಧೀಕರಿಸದ್ದೂ ಕೂಡಿ. ಇಂಥ ಕಡೆ ನದಿ ವಿಷವನ್ನು ತೆಳುವಾಗಿಸುತ್ತದೆ ಎನ್ನುವಂತಿಲ್ಲ, ಘಟಕದಿಂದ ಹೊರಬಿದ್ದದ್ದೇ ನದಿ. ನೀರು ಬಿಸಿಯಾದಷ್ಟೂ ಕ್ಷಾರ ಹೆಚ್ಚಿದಷ್ಟೂ ಅದರಲ್ಲಿರುವ ಅಮೋನಿಯಾ ಮೀನಿಗೆ ಹೆಚ್ಚು ಮಾರಕ. ದೆಹಲಿಯ ಬೇಸಿಗೆಯನ್ನು ನೆನೆದರೆ ಸಾಕು.

‘ಸಂಸ್ಕರಿತ ನೀರು’ ಎಂಬ ಮಾತಿಗೆ ಕನ್ನಡದ ಕಿವಿಯಲ್ಲಿ ಮಡಿಯುಟ್ಟ ನೀರೆಂಬ ಧ್ವನಿಯಿದೆ. ಕಾಯ್ದೆಯ ಭರವಸೆ ಅಷ್ಟು ದೊಡ್ಡದಲ್ಲ. 2017ರ ಅಕ್ಟೋಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಕೊಳಚೆ ಘಟಕಗಳಿಗೆಂದೇ ಹೊರಡಿಸಿದ ಅಧಿಸೂಚನೆಯಲ್ಲಿ ನಾಲ್ಕೇ ಅಳತೆ: ಆಮ್ಲ-ಕ್ಷಾರ ಪ್ರಮಾಣ, ಬಿಒಡಿ, ತೇಲುಕಣ, ಮಲದ ಬ್ಯಾಕ್ಟೀರಿಯಾ. ಮಹಾನಗರಗಳಿಗೆ ಬಿಒಡಿ ಮಿತಿ ಅದೇ 20; ಹೊಳೆಯಲ್ಲಿ ಎಷ್ಟು ಪಟ್ಟು ನೀರಿರಬೇಕೆಂಬ ಷರತ್ತಿಲ್ಲ. 2019ರ ಏಪ್ರಿಲ್ 30ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು 10ಕ್ಕೆ ಇಳಿಸಿ, ಸಿಒಡಿ, ಸಾರಜನಕ, ರಂಜಕಗಳಿಗೂ ಮಿತಿ ಹಾಕಲು ಹೇಳಿತು. ಮೀನಿನ ಪರೀಕ್ಷೆ ಆ ಪಟ್ಟಿಯಲ್ಲೂ ಇಲ್ಲ.